ಎರಡನೆಯ ಚರಣದ ಸ್ಟೀಲ್

ಬೆಳಿಗ್ಗೆ ಇಮೋಜೀನ್ ಪಾತ್ರೆ ತೊಳೆಯುತ್ತ ಗೋಡೆಯ ಕಡೆ ಮುಖ ಮಾಡಿಕೊಂಡೇ ಏನೋ ಕೇಳಿದಳು. ಕೇಳಿದಳು ಎಂದು ಡೆಲ್ಮರ್ ಸ್ಟಿಡಮ್‌ಗೆ ಗೊತ್ತಾದದ್ದು ಅವಳ ಭುಜ ಒಂದು ಗಳಿಗೆ ಆಡದೆ ನಿಂತದ್ದರಿಂದ. ಉತ್ತರಕ್ಕೆ ಕಾಯುತ್ತಿರುವ ಹೆಂಡತಿಯ ಬೆನ್ನು ಹೇಗಿರುತ್ತದೆ ಎಂಬುದನ್ನು ಅವನು ಈಚೆಗೆ ಚೆನ್ನಾಗಿ ಕಲಿತುಕೊಂಡಿದ್ದ. ತಟ್ಟೆಯಲ್ಲಿದ್ದ ಮೊಟ್ಟೆಯನ್ನು ನೋಡಿ, ಇದರ ವಿಷಯವೇ ಇರಬೇಕೆಂದು ಅಂದಾಜು ಮಾಡಿ, "ಚೆನ್ನಾಗಿದೆ" ಎಂದ. ಅವಳು ಒದ್ದೆ ಕೈಯಲ್ಲೇ ತಿರುಗಿದಳು. "ಏನ್ ಚೆನ್ನಾಗಿದೆ? ಬರ್ತಾ ಕೋಳಿ ಮೇವು ತರ್ತೀಯಾ ಅಂತ ಕೇಳಿದ್ರೆ ಚೆನ್ನಾಗಿದೆಯಂತೆ! ತಲೆ ತುಂಬಾ ಹಾಡು ತುಂಬ್ಕೊಂಡ್ರೆ ನನ್ನ ಮಾತು ಎಲ್ಲಿಂದ ಒಳಗೆ ಹೋಗ್ಬೇಕು?" ಈಗ ತುಟಿಗಳು ಕಾಣುತ್ತಿದ್ದವು, ಎಲ್ಲವೂ ತಿಳಿಯಿತು. ಅವಳ ಸಿಟ್ಟು ನೋಡಿ ಅವನಿಗೆ ಸಮಾಧಾನವೇ ಆಯಿತು. ಗಂಡ ಒರಟ, ತನ್ನ ಮಾತಿಗೆ ಕವಡೆ ಕಿಮ್ಮತ್ತು ಕೊಡದವನು ಎಂದು ಅವಳು ಅಂದುಕೊಳ್ಳಲಿ, ಊರಿಗೆಲ್ಲ ಹೇಳಿಕೊಂಡು ಬರಲಿ. ಕಿವುಡ ಎಂದು ಮಾತ್ರ ತಿಳಿಯಬಾರದು. ಅವಳಿಗೆ ತಿಳಿದರೆ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಎಲ್ಲರಿಗೂ ತಿಳಿಯುತ್ತದೆ, ಅಲ್ಲಿಂದ ಗೆಳೆಯ ಆರ್ಬಿನ್‌ನ ಅಂಗಡಿಗೆ ಎಷ್ಟು ದೂರ?

ಆ ಊರಲ್ಲಿ 'ಡೆಲ್ಮರನ ಕಿವಿ' ಎಂಬುದೊಂದು ಮಾತೇ ಇತ್ತು. ಗುಡ್ಡದ ಮೇಲಿನ ಪುಟ್ಟ ರೇಡಿಯೋ ಸ್ಟೇಷನ್ನಿನಲ್ಲಿ ಅವನು ಎಳೆಯ ಹುಡುಗನಾಗಿದ್ದಾಗಿನಿಂದ ಸ್ಟೇಷನ್ನು ಬಾಗಿಲು ಮುಚ್ಚುವವರೆಗೂ ಬೆಳಗಿನ ಹಾಡು ಹಾಕಿದವನು. ಕಂಪನಿಗಳು ಕಳಿಸಿದ್ದನ್ನು ಬದಿಗಿಟ್ಟು, ಯಾರೋ ಟ್ರಕ್ ಚಾಲಕ, ಯಾರೋ ಗಿರಣಿಯವಳು ಸ್ವಂತ ಖರ್ಚಿನಲ್ಲಿ ಒತ್ತಿಸಿ ಕಾರಿನ ಡಿಕ್ಕಿಯಲ್ಲಿಟ್ಟು ಮಾರುತ್ತಿದ್ದ ಸಣ್ಣ ರೆಕಾರ್ಡುಗಳನ್ನು ಹುಡುಕಿ ಹುಡುಕಿ ಹಾಕುತ್ತಿದ್ದ. ಯಾವುದೇ ಹಾಡಿನ ಮೊದಲ ತುಣುಕು ಕೇಳಿದರೆ ಸಾಕು, ಪಿಟೀಲು ಯಾರದ್ದು, ಯಾವ ಗ್ಯಾರೇಜಿನಲ್ಲಿ ಧ್ವನಿ ಹಿಡಿದದ್ದು, ಹಾಡುವವನಿಗೆ ಅವತ್ತು ನೆಗಡಿಯಾಗಿತ್ತೇ ಎಂಬುದನ್ನೂ ಹೇಳುತ್ತಿದ್ದ. ಆ ಕಿವಿ ಒಂದೇ ದಿನ ಹೋಗಲಿಲ್ಲ. ಮೊದಲು ಹಕ್ಕಿಗಳು ಹೋದವು. ಈ ವರ್ಷ ಯಾಕೋ ಹಕ್ಕಿ ಕಡಿಮೆ ಎಂದುಕೊಂಡ. ಆಮೇಲೆ ಮಕ್ಕಳ ದನಿ ಹೋಯಿತು. ಆಮೇಲೆ ಪಿಟೀಲಿನ ಮೇಲಿನ ತಂತಿ. ಕೊನೆಗೆ ಸ್ಟೀಲ್ ಗಿಟಾರು, ಮುಂದೆ ಮಲಗಿಸಿಟ್ಟುಕೊಂಡು ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ಅಳಿಸುವ ಆ ವಾದ್ಯ, ಅವನು ಜೀವನದಲ್ಲಿ ಎಲ್ಲಕ್ಕಿಂತ ಹೆಚ್ಚು ಪ್ರೀತಿಸಿದ ಸದ್ದು, ಅದೂ ಹೋಯಿತು. ದೂರದ ಪಟ್ಟಣಕ್ಕೆ ಹೋಗಿ, ಮೀನು ಹಿಡಿಯಲು ಹೋಗಿದ್ದೆ ಎಂದು ಮನೆಯಲ್ಲಿ ಸುಳ್ಳು ಹೇಳಿ, ಕಿವಿಗೆ ಯಂತ್ರ ಹಾಕಿಸಿಕೊಂಡು ಬಂದ. ಟ್ರಕ್ಕಿನಲ್ಲಿ ಕೂತು ಆಸೆಯಿಂದ ಕ್ಯಾಸೆಟ್ ಹಾಕಿದ. ತಗಡಿನ ಮೇಲೆ ಯಾರೋ ಮೊಳೆ ಎಳೆದಂತಾಯಿತು. ಕಿತ್ತು ಡ್ಯಾಶ್‌ಬೋರ್ಡಿನ ಪೆಟ್ಟಿಗೆಗೆ ಎಸೆದವನು ಮತ್ತೆ ಅದನ್ನು ಮುಟ್ಟಲಿಲ್ಲ.

ಶನಿವಾರ ಆರ್ಬಿನ್‌ನ ಅಂಗಡಿಗೆ ಹೋಗುವ ದಾರಿಯೇ ಈಗ ಅವನಿಗೆ ಹೆದರಿಕೆ. ಹೊಳೆಯ ಪಕ್ಕದ ತಿರುವಿನಲ್ಲಿ ಕನ್ನಡಿಯ ತುಂಬಾ ಕೆಂಪು ಬೆಳಕು ಕಂಡಿತು. ಆಂಬುಲೆನ್ಸು ಹಿಂದಿನ ಬಂಪರಿಗೆ ಮೂಗು ತಾಗಿಸುವಷ್ಟು ಹತ್ತಿರ ಬಂದಿತ್ತು. ಎಷ್ಟು ಹೊತ್ತಿನಿಂದ ಕೂಗುತ್ತಿತ್ತೋ. ಅವನು ಗಾಬರಿಯಲ್ಲಿ ಹುಲ್ಲಿನ ಮೇಲೆ ಟ್ರಕ್ ಹತ್ತಿಸಿದ. ದಾಟಿಹೋಗುವಾಗ ಚಾಲಕ ಕೈಯೆತ್ತಿ ಏನೋ ಬೈದ. ಬೈಗುಳ ಯಾವುದೆಂದು ತುಟಿಯಿಂದ ಸ್ಪಷ್ಟವಾಗಿ ತಿಳಿಯಿತು. ಒಳಗೆ ಮಲಗಿದ್ದವರು ಯಾರೋ. ಅವರು ಸತ್ತರೆ ತಾನೇ ಕೊಂದಂತೆ ಎಂದು ಅನ್ನಿಸಿ ಡೆಲ್ಮರ್ ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಸ್ವಲ್ಪ ಹೊತ್ತು ಕೂತ. ಹಿಂದಕ್ಕೆ ತಿರುಗಿ ಮನೆಗೆ ಹೋಗಬಹುದಿತ್ತು. ಹೋದರೆ ಆರ್ಬಿನ್ ಫೋನು ಮಾಡುತ್ತಾನೆ. ಫೋನೆಂದರೆ ತುಟಿಯಿಲ್ಲದ ಮಾತು. ಅದಕ್ಕಿಂತ ಅಂಗಡಿಯೇ ವಾಸಿ ಎಂದು ಮತ್ತೆ ಗೇರು ಹಾಕಿದ.

ಆರ್ಬಿನ್ ಪ್ರೂಯಿಟ್‌ನದು ಪಶು ಆಹಾರದ ಅಂಗಡಿ. ಅದರ ಹಿಂದಿನ ಕೋಣೆಯಲ್ಲಿ, ಕಾಕಂಬಿ ಬೆರೆಸಿದ ಮೇವಿನ ಮೂಟೆಗಳ ನಡುವೆ, ಒಂದು ರೆಕಾರ್ಡ್ ಪ್ಲೇಯರು, ನಾಲ್ಕು ಕುರ್ಚಿ, ಗೋಡೆಗೊಂದು ಕಪ್ಪು ಹಲಗೆ. ಹಲಗೆಯ ಮೇಲರ್ಧದಲ್ಲಿ ಹಸುವಿನ ಹಿಂಡಿಯ ಧಾರಣೆ, ಕೆಳಗಿನ ಅರ್ಧದಲ್ಲಿ ಹತ್ತು ಹಾಡುಗಳ ಹೆಸರು, ಒಂದರ ಕೆಳಗೊಂದು. ದೊಡ್ಡ ಸ್ಟೇಷನ್ನುಗಳು ಒಮ್ಮೆಯಾದರೂ ಹಾಕಿದ ಹಾಡಿಗೆ ಅಲ್ಲಿ ಪ್ರವೇಶವಿಲ್ಲ. ಶನಿವಾರ ಯಾರಾದರೊಬ್ಬರು ಒಂದು ರೆಕಾರ್ಡು ತರಬೇಕು, ಅದರ ಮೇಲಿನ ಹೆಸರು ಕಾಣದಂತೆ ಟೇಪು ಅಂಟಿಸಿರಬೇಕು. ತಂದವರು ತಮ್ಮ ಹಾಡಿನ ಪರವಾಗಿ ಒಂದು ಮಾತೂ ಆಡುವಂತಿಲ್ಲ. ಕೂತವರಲ್ಲಿ ಒಬ್ಬರನ್ನು ವಕೀಲರನ್ನಾಗಿ ಹಿಡಿಯಬೇಕು. ವಕೀಲ ಒಂದೇ ಸಲ ಹಾಡು ಕೇಳಿ, ಅದು ಹಲಗೆಯಲ್ಲಿ ಎಷ್ಟನೆಯದಾಗಬೇಕು, ಯಾಕೆ ಆಗಬೇಕು ಎಂದು ವಾದಿಸಬೇಕು. ಈ ಕಟ್ಟಳೆ ಮಾಡಿದವನು ಡೆಲ್ಮರನೇ. ತನ್ನ ಹಾಡನ್ನು ತಾನೇ ಹೊಗಳಿಕೊಳ್ಳುವವರ ಕಾಟ ತಡೆಯಲಾರದೆ ಮಾಡಿದ್ದು. ಈಗ ಪ್ರತಿ ವಾರ ವಕೀಲಿಕೆ ತನ್ನ ಪಾಲಿಗೆ ಬಾರದಿರಲಿ ಎಂದು ಒಳಗೊಳಗೇ ಪ್ರಾರ್ಥಿಸುತ್ತ ಬರುತ್ತಿದ್ದ. ಗೊತ್ತಾದರೆ ಈ ಕುರ್ಚಿ ಹೋಗುತ್ತದೆ. ಯಾರೂ ಎಬ್ಬಿಸುವುದಿಲ್ಲ, ಗೌರವದಿಂದ ಕೂರಿಸಿಕೊಂಡೇ ಇರುತ್ತಾರೆ, ಆದರೆ ಹೋಗಿರುತ್ತದೆ. ಆಮೇಲೆ ತಾನು ಯಾರು? ಕೋಳಿ ಮೇವು ಕೊಳ್ಳಲು ಬಂದ ಇನ್ನೊಬ್ಬ ಮುದುಕ.

ಅವನು ಒಳಗೆ ಬಂದಾಗ ಜಗಳ ಆಗಲೇ ಹತ್ತಿಕೊಂಡಿತ್ತು. ಶಾಲೆಯ ಅಡುಗೆಮನೆಯಲ್ಲಿ ದುಡಿಯುವ ಜೂನಿ ಹೆಂಬ್ರೀ, ಕೈಯಲ್ಲಿ ಹಣ್ಣಿನ ಪೈ ಕತ್ತರಿಸುವ ಚಾಕು ಹಿಡಿದು ಹಲಗೆಯ ಮುಂದೆ ನಿಂತಿದ್ದಳು. "ಏಳನೇದು ತೆಗೀರಿ ಅಂದ್ರೆ ತೆಗೀರಿ. ಅದು ಅಳೋದಾ? ನೆಗಡಿ ಆದೋನು ಮೂಗು ಎಳ್ಕೊಂಡ ಹಾಗಿದೆ."

"ನಿಂಗೆ ಗಂಡಸು ಅತ್ರೆ ಆಗಲ್ಲ, ಅದಕ್ಕೆ," ಎಂದ ಆರ್ಬಿನ್.

"ಮೂರು ಗಂಡಂದಿರನ್ನ ಅಳಿಸಿ ಕಳಿಸಿದೀನಿ ಕಣೋ. ನಿಜವಾದ ಅಳು ಯಾವ್ದು ಅಂತ ನಂಗೆ ಹೇಳಿಕೊಡ್ತೀಯಾ?"

ನಾಲ್ಕನೆಯ ಕುರ್ಚಿಯಲ್ಲಿ ವೇಡ್ ಕಾಟ್ರೆಲ್ ನಗುತ್ತಿದ್ದ. ಊರಿಗೆ ಹೊಸದಾಗಿ ಬಂದ ಮೇಷ್ಟ್ರು, ಈ ಚಳಿಗಾಲದಲ್ಲಿ ಗುಂಪಿಗೆ ಸೇರಿದವನು. ಮೊದಲ ದಿನ ಈ ಬಗೆಯ ಹಾಡಿಗೆ 'ಅಮೆರಿಕಾನ' ಎನ್ನುತ್ತಾರೆ ಎಂದು ಹೇಳಿ ಜೂನಿಯಿಂದ ಉಗಿಸಿಕೊಂಡಿದ್ದ. "ಅಂದ್ರೆ ಏನ್ ಮರಿ? ನಮ್ಮ ಹಳ್ಳಿಗಾಡಿನ ಕಂಟ್ರಿ ಹಾಡೇ, ಹಾಡೋನು ಕಾಲೇಜಿಗೆ ಹೋಗಿರ್ತಾನೆ, ಅಷ್ಟೇ ತಾನೇ?" ಎಂದಿದ್ದಳು. ಆದರೂ ಅವನು ಬಿಡದೆ ಬಂದ. ಡೆಲ್ಮರನ ಪಕ್ಕದಲ್ಲಿ ಕೂತು, ಹಳೆಯ ಕಥೆಗಳನ್ನು ಕೇಳಿ ಕೇಳಿ, ಅವನ ಬಾಯನ್ನೇ ನೋಡುತ್ತಿದ್ದ. ಡೆಲ್ಮರ್ ಅವನ ಬಾಯನ್ನು ನೋಡುತ್ತಿದ್ದದ್ದು ಬೇರೆ ಕಾರಣಕ್ಕೆ. ಹೀಗೆ ಇಬ್ಬರೂ ಒಬ್ಬರ ಬಾಯನ್ನೊಬ್ಬರು ನೋಡಿಕೊಂಡು ಕೂರುವುದನ್ನು ಕಂಡು ಆರ್ಬಿನ್ ತಮಾಷೆ ಮಾಡಿದ್ದೂ ಉಂಟು.

"ಇವತ್ತು ನಂದು," ಎಂದು ವೇಡ್ ಎದ್ದ. ಕೋಟಿನ ಒಳಗಿಂದ, ಎಳೆ ಕೂಸನ್ನು ತೆಗೆಯುವ ಹಾಗೆ, ಸಣ್ಣ ರೆಕಾರ್ಡೊಂದನ್ನು ತೆಗೆದ. ಕಿವಿಯೆಲ್ಲ ಕೆಂಪಾಗಿತ್ತು. "ವಕೀಲರು ಡೆಲ್ಮರ್ ಸಾರ್. ಬೇರೆ ಯಾರೂ ಆಗಲ್ಲ."

ಜೂನಿ ಏನೋ ಅಂದಳು, ಬೇಗ ಬೇಗ; ಡೆಲ್ಮರ್ ನೋಡುವಷ್ಟರಲ್ಲಿ ಮಾತು ಮುಗಿದಿತ್ತು. "ನಾನಾಗ್ತೀನಿ" ಎಂದಂತೆ ಕಂಡಿತು. ವೇಡ್ ತಲೆಯಾಡಿಸಿದ. "ಇಲ್ಲ ಜೂನಿ ಅಕ್ಕ, ಅವರಿಗೋಸ್ಕರನೇ ಹುಡುಕಿ ತಂದಿದ್ದು."

ಡೆಲ್ಮರ್ ಪ್ಲೇಯರು ಇಟ್ಟಿದ್ದ ಮೇಜಿನತ್ತ ಬಾಗಿದ. ಗೊತ್ತಿರುವ ಹಾಡಾದರೆ ಭಯವಿರಲಿಲ್ಲ. ಗೊತ್ತಿರುವ ಹಾಡಿನ ಮೊದಲ ಹೆಜ್ಜೆಯ ಅದುರು ಅಂಗೈಗೆ ಸಿಕ್ಕರೆ ಸಾಕು, ಮುಂದಿನದೆಲ್ಲ ತಲೆಯೊಳಗೆ ತಾನಾಗಿ ನುಡಿಯುತ್ತಿತ್ತು, ಪಿಟೀಲಿನ ಒಂದೊಂದು ಎಳೆಯೂ ಬಿಡದೆ. ಕೇಳುತ್ತಿದ್ದೇನೋ ನೆನೆಯುತ್ತಿದ್ದೇನೋ ಅವನಿಗೇ ಬೇರೆ ಮಾಡಲು ಆಗುತ್ತಿರಲಿಲ್ಲ. ಗೊತ್ತಿಲ್ಲದ ಹಾಡೆಂದರೆ ಮಾತ್ರ ಅಟ್ಟದ ಮೇಲೆ ಯಾರೋ ನಡೆದಾಡಿದ ಸದ್ದು, ಅಷ್ಟೇ. ಆಗ ಜೂನಿಯ ಬೂಟಿನ ತುದಿ ನೋಡಿ ತಾಳ ಹಿಡಿಯುತ್ತಿದ್ದ, ಆರ್ಬಿನ್‌ನ ಮೀಸೆ ಅಲುಗಿದರೆ ಹಾಸ್ಯದ ಹಾಡೆಂದು ತಿಳಿಯುತ್ತಿದ್ದ. ಅವರು ಮೊದಲು ಮಾತಾಡಲಿ ಎಂದು ಕಾದು, ಅವರು ಹೇಳಿದ್ದನ್ನೇ ತುಸು ತಿರುಗಿಸಿ, ಗಂಭೀರವಾಗಿ ಕೆಮ್ಮಿ ಹೇಳುತ್ತಿದ್ದ. ವಕೀಲನಿಗೆ ಆ ಸೌಕರ್ಯವಿಲ್ಲ. ಮೊದಲ ಮಾತು ಅವನದೇ.

ಪ್ಲೇಯರಿನ ಮುಳ್ಳು ರೆಕಾರ್ಡಿನ ಮೇಲೆ ಇಳಿಯಿತು. ಡೆಲ್ಮರ್ ಕಣ್ಣು ಮುಚ್ಚಿ, ಯೋಚನೆ ಮಾಡುವವನ ಹಾಗೆ ಮೇಜಿನ ಮೇಲೆ ಅಂಗೈ ಊರಿದ. ಮೊದಲು ಏನೂ ಇಲ್ಲ. ಆಮೇಲೆ ಮರದೊಳಗಿಂದ ಬಂತು, ಎರಡು ದಪ್ಪ ಹೆಜ್ಜೆ, ಒಂದು ನಿಲುಗಡೆ, ಮತ್ತೆ ಎರಡು ಹೆಜ್ಜೆ. ಅವನು ಕಣ್ಣೀರು ಬರುವಷ್ಟು ಸಂತೋಷಪಟ್ಟ. ಇದು 'ಸೇತುವೆ ಕಾಯುವವನು'. ಕ್ಲೀಟ್ ವಾರ್ನಿಯ ಹಾಡು. ಹಲಗೆಯಲ್ಲಿ ನಾಲ್ಕನೆಯದು, ಅದನ್ನು ಅಲ್ಲಿಗೇರಿಸಿದವನು ತಾನೇ. ಹಾಡಿನಲ್ಲಿ ಬರುವವನು ದೋಣಿಗಳಿಗಾಗಿ ಸೇತುವೆ ಎತ್ತಿ ಇಳಿಸುವ ಕೆಲಸದವನು. ಊರವರೆಲ್ಲ ಅವನ ಸೇತುವೆ ದಾಟಿಕೊಂಡು ಊರು ಬಿಟ್ಟು ಹೋಗುತ್ತಾರೆ. ಎರಡನೆಯ ಚರಣದಲ್ಲಿ ಅವನ ಮಗಳು ದಾಟುತ್ತಾಳೆ. 'ತಿರುಗಿ ನೋಡಲಿಲ್ಲ' ಎಂದು ಹಾಡಿ ಕ್ಲೀಟ್ ನಿಲ್ಲಿಸುತ್ತಾನೆ. ಅಲ್ಲಿ ಸ್ಟೀಲ್ ಬರುತ್ತದೆ. ಎಷ್ಟು ವರ್ಷ ಚಳಿಯ ಬೆಳಗುಗಳಲ್ಲಿ ಆ ಜಾಗಕ್ಕಾಗಿ ಡೆಲ್ಮರ್ ಮೈಕು ಬದಿಗೆ ಸರಿಸಿ ಕಾದಿದ್ದ. ಈಗಲೂ ಬಂತು. ಕೆಳಗಿನಿಂದ ಮೇಲಕ್ಕೆ ಜಾರಿ, ಒಂದು ಕಡೆ ನಡುಗಿ, ಇನ್ನೇನು ಮುರಿಯಿತು ಎನ್ನುವಾಗ ಇಳಿದುಬಂತು. ಒಂದು ಕೂದಲೆಳೆಯೂ ಆಚೀಚೆ ಆಗಲಿಲ್ಲ. ಎಲ್ಲವೂ ಇದೆ, ಏನೂ ಹೋಗಿಲ್ಲ, ಕಿವಿಗೆ ಯಂತ್ರ ಕೊಟ್ಟ ಆ ಡಾಕ್ಟರು ಮೂರ್ಖ ಎಂದುಕೊಂಡ.

ಕಣ್ಣು ಬಿಟ್ಟಾಗ ಎಲ್ಲರೂ ಅವನನ್ನೇ ನೋಡುತ್ತಿದ್ದರು. ಹಲಗೆಯಲ್ಲಿದ್ದ ಹಾಡನ್ನೇ ಹುಡುಗ ಮತ್ತೆ ಯಾಕೆ ತಂದ ಎಂಬ ಸಣ್ಣ ಅನುಮಾನ ಬಂತು. ಅದಕ್ಕೂ ಉತ್ತರ ತಟಕ್ಕನೆ ಹೊಳೆಯಿತು. ಭಯ ಬಿಟ್ಟುಹೋದ ಖುಷಿಯಲ್ಲಿ ಅವನು ಎದ್ದುನಿಂತ. ರೇಡಿಯೋದಲ್ಲಿ ಮಾತಾಡುತ್ತಿದ್ದ ಹಾಗೆಯೇ ಮಾತಾಡಿದ.

"ಇದು ನಮ್ಮ ನಾಲ್ಕನೇದೇ, ನಿಜ. ಆದ್ರೆ ಆರ್ಬಿನ್, ನಿನ್ನ ಹತ್ರ ಇರೋದು ಸವೆದು ಹೋದ ರೆಕಾರ್ಡು. ಇದನ್ನ ಯಾರೂ ಮುಟ್ಟಿಲ್ಲ, ಇದು ಹೊಸದು. ಎರಡನೇ ಚರಣ ಕೇಳಿದ್ರಾ? ಅವನು ಹೇಳಲಾರದೆ ಬಿಟ್ಟದ್ದನ್ನ ಆ ಸ್ಟೀಲ್ ಹೇಳತ್ತೆ. ನಡುಗತ್ತಲ್ಲ ಒಂದು ಕಡೆ, ಅಲ್ಲಿ ಬಾರಿಸೋನ ಬೆರಳು ಜಾರಿದ್ದೂ ಕೇಳತ್ತೆ. ಇಷ್ಟು ಸ್ಪಷ್ಟವಾಗಿ ಆ ಸ್ಟೀಲನ್ನ ನಾನು ಜನ್ಮದಲ್ಲಿ ಕೇಳಿರಲಿಲ್ಲ. ಇದು ಮೊದಲನೇದಾಗಬೇಕು. ನನ್ನ ವಾದ ಇಷ್ಟೇ."

ಕೂತುಕೊಂಡು ಕರವಸ್ತ್ರದಿಂದ ಹಣೆ ಒರೆಸಿಕೊಂಡ. ಆಮೇಲೆ ವೇಡ್‌ನ ತುಟಿ ಆಡಿತು. ಹುಡುಗನ ಮುಖದಲ್ಲಿ ನಗು ಇನ್ನೂ ಇಳಿದಿರಲಿಲ್ಲ, ಯಾರೋ ತಮಾಷೆ ಮಾಡಿದ್ದಾರೆ, ತನಗೆ ಅರ್ಥವಾಗಿಲ್ಲ ಎಂಬಂಥ ನಗು. "ಆದ್ರೆ ಸಾರ್, ಇದ್ರಲ್ಲಿ ಸ್ಟೀಲೇ ಇಲ್ವಲ್ಲ..."

ಜೂನಿಯ ಕೈ ಹುಡುಗನ ಮುಂಗೈ ಮೇಲೆ ಬಿತ್ತು. "ಹೌದು ಮತ್ತೆ, ಎಂಥಾ ಸ್ಟೀಲು! ನಂಗೂ ಮೈ ಜುಮ್ಮಂತು," ಎಂದಳು, ಡೆಲ್ಮರನ ಕಡೆಗೇ ಮುಖ ಮಾಡಿ, ಒಂದೊಂದು ಮಾತನ್ನೂ ಬಿಡಿಸಿ. ಆರ್ಬಿನ್ ಆಗಲೇ ಸೀಮೆಸುಣ್ಣ ಹುಡುಕುತ್ತಿದ್ದ. "ಮೊದಲನೇದೇ, ಅದ್ರಲ್ಲಿ ಮಾತೇ ಇಲ್ಲ," ಎಂದು ಇತ್ತ ತಿರುಗಿ ಹೇಳಿ, ಮತ್ತೆ ಅತ್ತ ತಿರುಗಿದ. ಇಬ್ಬರೂ ತಡವರಿಸಲಿಲ್ಲ. ರೂಢಿಯಾದ ಕೆಲಸ ಮಾಡುವವರ ಹಾಗೆ ಮಾಡಿದರು.

ಡೆಲ್ಮರನಿಗೆ ಮೊದಲು ಅರ್ಥವಾದದ್ದು ರೆಕಾರ್ಡು. ಕ್ಲೀಟ್ ವಾರ್ನಿ ಆ ಹಾಡನ್ನು ಮೊದಲು ಯಾರದೋ ಗ್ಯಾರೇಜಿನಲ್ಲಿ ಸ್ಟೀಲ್ ಇಲ್ಲದೆ ಹಾಡಿ ಸ್ವಲ್ಪವೇ ಪ್ರತಿ ಒತ್ತಿಸಿದ್ದನಂತೆ, ಯಾರೂ ಕಂಡಿಲ್ಲ, ಸಿಕ್ಕರೆ ಕೇಳಿ ಸಾಯಬೇಕು ಎಂದು ವೇಡ್‌ಗೆ ಹೇಳಿದವನು ತಾನೇ. ಹುಡುಗ ಆ ಮಾತನ್ನು ಮನಸ್ಸಿಗೆ ಹಾಕಿಕೊಂಡು ಯಾವ ಯಾವ ಚರ್ಚಿನ ಹಳೆ ಸಾಮಾನಿನ ಮಾರಾಟದಲ್ಲಿ ಮಂಡಿಯೂರಿ ಹುಡುಕಿದನೋ. ತನಗಾಗಿ. ಡೆಲ್ಮರ್ ಸಾರ್ ಎರಡನೆಯ ಚರಣ ಬಂದಾಗ ಕುರ್ಚಿಯಿಂದ ಚಂಗನೆ ಏಳುತ್ತಾರೆ ಎಂದು ಕಾದಿದ್ದ. ತಾನೋ, ಇಲ್ಲದ ಸ್ಟೀಲಿನಲ್ಲಿ ಬಾರಿಸುವವನ ಬೆರಳು ಜಾರಿದ್ದನ್ನೂ ವರ್ಣಿಸಿದ್ದ. ನಾಚಿಕೆಯಿಂದ ಮುಖ ಸುಟ್ಟಂತಾಯಿತು.

ನಾಚಿಕೆಯ ಹಿಂದೆಯೇ ಭಯ ಬಂತು. ಇದುವರೆಗಿನದು ಭಯವೇ ಅಲ್ಲ ಎನ್ನಿಸುವಂಥ ಭಯ. ಜೂನಿಯ ಮುಂದಿನ ಹಲ್ಲು ಮುರಿದು ಎಷ್ಟೋ ವರ್ಷವಾಗಿತ್ತು. ಮಾತಾಡುವಾಗ, ನಗುವಾಗ ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಿದ್ದಳು, ಗಂಡಂದಿರ ಮುಂದೂ ಕೈ ತೆಗೆದವಳಲ್ಲ ಎಂದು ಆರ್ಬಿನ್ ಛೇಡಿಸುತ್ತಿದ್ದ. ಕಳೆದ ಸುಗ್ಗಿಯಿಂದೀಚೆಗೆ ಅವಳು ಕೈ ಅಡ್ಡ ಇಡುತ್ತಿಲ್ಲ. ಹಲ್ಲು ಕಟ್ಟಿಸಿಕೊಂಡಿರಬೇಕು ಎಂದು ಡೆಲ್ಮರ್ ಅಂದುಕೊಂಡಿದ್ದ. ಈಗ ನೋಡಿದ. ಹಲ್ಲು ಇನ್ನೂ ಮುರಿದೇ ಇತ್ತು. ಮಾಡು ಸೋರುತ್ತದೆ ಎಂದು ಆರ್ಬಿನ್ ಅವನ ಕುರ್ಚಿಯನ್ನು ಮೂಲೆಯಿಂದ ಎತ್ತಿ ಎಲ್ಲರ ಮುಖ ಕಾಣುವಲ್ಲಿ, ಬೆಳಕಿನ ಕೆಳಗೆ ಹಾಕಿದ್ದ. ಮೂಲೆಯಲ್ಲಿ ಒಂದು ಕಲೆಯೂ ಇರಲಿಲ್ಲ. ಬೂಟಿನ ತುದಿಯಲ್ಲಿ ಅಷ್ಟು ಜೋರಾಗಿ ತಾಳ ಹಾಕುವವಳಲ್ಲ ಜೂನಿ. ಹಾಗಾದರೆ ಹಲಗೆಯ ಮೇಲಿರುವುದು ಏನು? ತಾನು ವಾದಿಸಿ ಗೆದ್ದ ಹಾಡುಗಳು ಗೆದ್ದವೇ, ಅಥವಾ ಕುರುಡನ ಕೈಗೆ ಕೋಲು ಕೊಟ್ಟ ಹಾಗೆ ಕೊಟ್ಟರೇ? ಯಾವಾಗಿನಿಂದ? ಇಮೋಜೀನ್‌ಗೂ ಗೊತ್ತೇ? ಬೆಳಿಗ್ಗೆ ಅವಳು ಬೈಯಲು ತಿರುಗಿದ್ದು ಬೈಯಲಿಕ್ಕಾಗಿಯೋ, ತುಟಿ ಕಾಣಲಿ ಎಂದೋ? ಅವನು ಮುಚ್ಚಿಟ್ಟುಕೊಂಡಿದ್ದ ಮನೆಗೆ ಗೋಡೆಗಳೇ ಇರಲಿಲ್ಲ. ಎಲ್ಲರೂ ನೋಡುತ್ತಿದ್ದರು, ನೋಡದವರ ಹಾಗೆ ಇದ್ದರು.

ಆರ್ಬಿನ್ ಹಲಗೆಯ ನಾಲ್ಕನೆಯ ಸಾಲು ಅಳಿಸಿ ಮೇಲೆ 'ಸೇತುವೆ ಕಾಯುವವನು' ಎಂದು ಬರೆಯುತ್ತಿದ್ದ. ಬಿಳಿ ಪುಡಿ ಅವನ ತೋಳಿನ ಮೇಲೆ ಬೀಳುತ್ತಿತ್ತು. ಅದು ನಿಜವಾಗಿ ಮೊದಲನೆಯದಾಗಬೇಕಾದ ಹಾಡೇ ಇರಬಹುದು, ಸ್ಟೀಲ್ ಇಲ್ಲದೆ, ಇರಲಾರದೂ. ಅದನ್ನು ತಿಳಿಯುವ ದಾರಿ ಅವನಿಗೆ ಇನ್ನಿಲ್ಲ. ಸುಮ್ಮನಿದ್ದುಬಿಟ್ಟರೆ ಪೈ ಬರುತ್ತದೆ, ಕಾಫಿ ಬರುತ್ತದೆ, ಮುಂದಿನ ಶನಿವಾರವೂ ಬರುತ್ತದೆ. ಅವರು ಕರುಣೆಯಿಂದ ಮತ್ತೆ ಮತ್ತೆ ಸೋಲುತ್ತಾರೆ. ವೇಡ್‌ಗೂ ಯಾರಾದರೂ ಬದಿಗೆ ಕರೆದು ಹೇಳುತ್ತಾರೆ, ಅವನೂ ಕಲಿಯುತ್ತಾನೆ, ಆಮೇಲೆ ಆ ಹುಡುಗನ ಕಣ್ಣೂ ಜೂನಿಯ ಕಣ್ಣಿನ ಹಾಗಾಗುತ್ತದೆ. ಅದನ್ನು ಮಾತ್ರ ನೋಡಲಾರೆ ಎಂದು ಡೆಲ್ಮರನಿಗೆ ಅನ್ನಿಸಿತು.

"ನಂಗೆ ಕೇಳಿಸಲ್ಲ," ಎಂದ.

ಯಾರೂ ತಿರುಗಲಿಲ್ಲ. ಆರ್ಬಿನ್ ಬರೆಯುತ್ತಲೇ ಇದ್ದ, ಜೂನಿ ಪೈ ಕತ್ತರಿಸುತ್ತಿದ್ದಳು, ವೇಡ್ ನೆಲ ನೋಡುತ್ತ ಕೂತಿದ್ದ. ದನಿ ಹೊರಗೆ ಬಂತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಇಷ್ಟು ದಿನ ನಾಲಗೆಯ ಕೆಳಗೆ ಇಟ್ಟುಕೊಂಡಿದ್ದ ಮಾತು, ಸಾಯುವುದಕ್ಕಿಂತ ಕಷ್ಟಪಟ್ಟು ಆಡಿದ ಮಾತು, ಮತ್ತೊಮ್ಮೆ ಆಡಬೇಕಿತ್ತು. ಆಗ ಅವನಿಗೆ ರೆಕಾರ್ಡ್ ಪ್ಲೇಯರು ಕಂಡಿತು. ರೆಕಾರ್ಡು ತಿರುಗುತ್ತಿತ್ತು. ಹುಡುಗನೋ ಯಾರೋ ಹಾಡನ್ನು ಮತ್ತೆ ಹಾಕಿದ್ದರು. ಕೋಣೆಯ ತುಂಬಾ ಕ್ಲೀಟ್ ವಾರ್ನಿ ಹಾಡುತ್ತಿದ್ದ, ಸದ್ದು ದೊಡ್ಡದಾಗಿಯೇ ಇಟ್ಟಿರಬೇಕು. ಅವನು ಎದ್ದ. ಆ ಕೋಣೆಯಲ್ಲಿ ಓಡುತ್ತಿರುವ ಹಾಡನ್ನು ಯಾರೂ ಎಂದೂ ನಿಲ್ಲಿಸಿದವರಲ್ಲ, ಹೊರಗೆ ಬೆಂಕಿ ಬಿದ್ದಾಗಲೂ ಮುಗಿಯಲಿ ಎಂದು ಕೂತವರು. ಡೆಲ್ಮರ್ ಬೆರಳು ಚಾಚಿ ಮುಳ್ಳನ್ನು ರೆಕಾರ್ಡಿನ ಮೇಲಿಂದ ಎತ್ತಿದ.

ಮೂವರೂ ತಿರುಗಿದರು.

"ನಂಗೆ ಕೇಳಿಸಲ್ಲ," ಎಂದ ಮತ್ತೆ. ಎಷ್ಟು ಜೋರಾಗಿ ಹೇಳಿದನೋ, ವೇಡ್ ಬೆಚ್ಚಿದ. "ಎರಡು ವರ್ಷ ಆಯ್ತು. ಆ ಹಾಡನ್ನ ನಾನು ಕೇಳ್ಲಿಲ್ಲ. ಹಲಗೇಲಿ ಅದನ್ನ ಕೆಳಗಿಳಿಸು ಆರ್ಬಿನ್. ಈ ಹುಡುಗ ಏನ್ ತಂದಿದಾನೆ ಅಂತ ಯಾರಾದ್ರೂ ನಂಗೆ ಹೇಳಿ. ಸ್ಟೀಲ್ ಇದ್ದ ಜಾಗದಲ್ಲಿ ಈಗ ಏನಿದೆ?"

ಆರ್ಬಿನ್ ಹಲಗೆಯ ಕಡೆಗೆ ಮುಖ ತಿರುಗಿಸಿದ. ಅವನ ಹಿಂಗತ್ತು ಮಾತ್ರ ಕಾಣುತ್ತಿತ್ತು, ಕೆಂಪಗೆ. ವೇಡ್ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿದ್ದ. ಜೂನಿ ಡೆಲ್ಮರನನ್ನೇ ನೋಡುತ್ತಿದ್ದಳು, ಕಣ್ಣು ತುಂಬಿದ್ದವು, ಗಲ್ಲ ಅಲುಗುತ್ತಿತ್ತು, ಅವಳು ಮಾತಾಡುತ್ತಿದ್ದಳು, ಏನನ್ನೋ ಹೇಳುತ್ತಲೇ ಇದ್ದಳು, ಅಂಗೈಯಿಂದ ಬಾಯನ್ನು ಪೂರ್ತಿ ಮುಚ್ಚಿಕೊಂಡು.

"ಕೈ ತೆಗಿ, ಜೂನಿ," ಎಂದ ಡೆಲ್ಮರ್. "ನೀನು ಹೇಳೋದು ನಂಗೆ ಕಾಣಿಸ್ತಿಲ್ಲ."